ಪಾಂಡಾಸ್‌ನಲ್ಲಿ ಡೇಟಾ ಟೈಪ್ ಬದಲಾವಣೆ: ಬಹುಕಾಲದ ಬಳಕೆದಾರರ ವಿಮರ್ಶೆ

ಸಿಎಸ್‌ವಿ ಫೈಲುಗಳನ್ನು (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಫೈಲು) ದಿನವೂ ಪೈಥಾನ್‌ನ ಕೋಷ್ಟಕ ಲೈಬ್ರರಿಯಾದ ಪಾಂಡಾಸ್‌ಗೆ ಹಾಕಿ ಲೆಕ್ಕ ತೆಗೆಯುವವರಿಗಾಗಿ ಇದು. ಲೈಬ್ರರಿ ಗಟ್ಟಿಯಾಗಿದೆ, ಕೈಬಿಡುವ ಮಾತೇ ಇಲ್ಲ. ಆದರೆ ಕಾಲಂನ ಟೈಪ್ (ಪೂರ್ಣಾಂಕವೋ, ದಶಮಾಂಶವೋ, ಪಠ್ಯವೋ ಎಂಬುದು) ಬದಲಿಸುವಾಗ ಅದು ಎರರ್ ಕೊಟ್ಟು ನಿಂತರೆ ನಿಮ್ಮ ಅದೃಷ್ಟ. ಸದ್ದಿಲ್ಲದೆ ಮುಂದೆ ಹೋದರೆ ಲೆಕ್ಕ ಕೆಟ್ಟಿರುವುದು ಗೊತ್ತೇ ಆಗುವುದಿಲ್ಲ.

ಅತಿ ಹೆಚ್ಚು ಹಾನಿ ಐಡಿ ಕಾಲಂಗಳಲ್ಲಿ. ಪೂರ್ಣಾಂಕಗಳ ಕಾಲಂನಲ್ಲಿ ಒಂದೇ ಒಂದು ಖಾಲಿ ಜಾಗ ಇದ್ದರೂ ಫೈಲ್ ಓದುವ ರೀಡ್_ಸಿಎಸ್‌ವಿ ಇಡೀ ಕಾಲಂ ಅನ್ನು ಫ್ಲೋಟ್64, ಅಂದರೆ ದಶಮಾಂಶ ಸಂಖ್ಯೆಯ ಟೈಪ್, ಮಾಡುತ್ತದೆ. ಫ್ಲೋಟ್64 ಎಲ್ಲ ಪೂರ್ಣಾಂಕಗಳನ್ನೂ ಕರಾರುವಾಕ್ಕಾಗಿ ಹಿಡಿಯುವುದು 9007199254740992ರವರೆಗೆ ಮಾತ್ರ. 123456789012345678 ಎಂಬ ಆರ್ಡರ್ ಸಂಖ್ಯೆ 123456789012345680 ಆಗಿಬಿಡುತ್ತದೆ. ಆಮೇಲೆ ಯಾವ ಟೈಪಿಗೆ ತಂದರೂ ಹೋದ ಅಂಕಿ ಮರಳುವುದಿಲ್ಲ. ಐಡಿ, ಪಿನ್‌ಕೋಡ್, ಫೋನ್ ನಂಬರ್‌ಗಳಿಗೆ ಫೈಲ್ ಓದುವಾಗಲೇ ಡಿಟೈಪ್ (ಟೈಪ್ ಹೇಳುವ ಆಯ್ಕೆ) ಸ್ಟ್ರಿಂಗ್, ಅಂದರೆ ಪಠ್ಯ, ಎಂದು ಹೇಳಿಬಿಡಿ. ಹೇಳದಿದ್ದರೆ ಬೆಂಗಳೂರಿನ 080 ಕೋಡ್ ಬರೀ 80 ಆಗುತ್ತದೆ. ಎಣಿಕೆಯ ಕಾಲಂಗಳಿಗೆ 0.24ನೇ ಆವೃತ್ತಿಯಿಂದ ಇರುವ ದೊಡ್ಡಕ್ಷರ ಐನ ಇಂಟ್64 ಎಂಬ ಪೂರ್ಣಾಂಕ ಟೈಪ್ ಸಾಕು, ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಇನ್ನು ಹಣ. ರೂಪಾಯಿಯನ್ನು ಪೈಸೆಗೆ ತರಲು 19.99 ಅನ್ನು 100ರಿಂದ ಗುಣಿಸಿದರೆ 1998.9999999999998 ಬರುತ್ತದೆ. ಅದಕ್ಕೆ ನೇರವಾಗಿ ಆಸ್‌ಟೈಪ್ (ಟೈಪ್ ಬದಲಿಸುವ ಆದೇಶ) ಇಂಟ್ ಹಾಕಿದರೆ ದಶಮಾಂಶ ಕತ್ತರಿಸಿ 1998 ಕೊಡುತ್ತದೆ, ಒಂದು ಪೈಸೆ ಮಾಯ. ಮೊದಲು ರೌಂಡ್, ನಂತರ ಆಸ್‌ಟೈಪ್. ನಮ್ಮ ಕಡೆಯ 1,25,000 ಥರದ ಅಲ್ಪವಿರಾಮಕ್ಕೆ ಓದುವಾಗ ಥೌಸಂಡ್ಸ್ ಆಯ್ಕೆಯಲ್ಲಿ ಅಲ್ಪವಿರಾಮ ಕೊಟ್ಟರೆ ಸಾಕು. ಪಠ್ಯವನ್ನು ಸಂಖ್ಯೆ ಮಾಡುವ ಟು_ನ್ಯೂಮರಿಕ್‌ನಲ್ಲಿ ಈ ಸೌಲಭ್ಯ ಇಲ್ಲ, ಮೊದಲೇ ರಿಪ್ಲೇಸ್ ಮಾಡಿ ತೆಗೆಯಬೇಕು.

ದಿನಾಂಕದ ವಿಷಯದಲ್ಲಿ ಪಾಂಡಾಸ್ ನಿಜಕ್ಕೂ ಸುಧಾರಿಸಿದೆ. ಹಳೆಯ ಆವೃತ್ತಿಗಳು ಸಾಲು ಸಾಲಿಗೂ ಬೇರೆ ಬೇರೆ ಊಹೆ ಮಾಡುತ್ತಿದ್ದವು: 03/04/2022 ಮಾರ್ಚ್ 4, ಅದೇ ಕಾಲಂನ 13/04/2022 ಏಪ್ರಿಲ್ 13. 2023ರಲ್ಲಿ ಬಂದ 2.0 ಆವೃತ್ತಿ ಮೊದಲ ಮೌಲ್ಯ ನೋಡಿ ಒಂದೇ ಫಾರ್ಮ್ಯಾಟ್ ಹಿಡಿದು, ಹೊಂದದ ಸಾಲು ಸಿಕ್ಕಾಗ ಎರರ್ ಕೊಡುತ್ತದೆ. ಆದರೂ ಕಾಲಂನಲ್ಲಿ 12ರ ಒಳಗಿನ ತಾರೀಖುಗಳೇ ಇದ್ದರೆ ತಿಂಗಳು ಮೊದಲು ಎಂದೇ ಓದಿಬಿಡುತ್ತದೆ. ದಿನ ಮೊದಲು ಎನ್ನುವ ಡೇಫಸ್ಟ್ ಆಯ್ಕೆ ಹಾಕುವುದು ಬರೀ ಸೂಚನೆ, ಕಟ್ಟುನಿಟ್ಟಲ್ಲ. ಫಾರ್ಮ್ಯಾಟ್ ಅನ್ನು ಪೂರ್ತಿ ಬರೆದುಕೊಡುವುದೇ ಸರಿ.

ಬೂಲಿಯನ್‌ಗೆ (ಟ್ರೂ ಅಥವಾ ಫಾಲ್ಸ್ ಮಾತ್ರ ಇರುವ ಟೈಪ್) ಆಸ್‌ಟೈಪ್ ನಂಬಲೇಬೇಡಿ. ಪಠ್ಯವಾಗಿ ಬಂದ 'ಫಾಲ್ಸ್' ಖಾಲಿಯಲ್ಲದ ಸ್ಟ್ರಿಂಗ್ ಆದ್ದರಿಂದ ಟ್ರೂ ಆಗುತ್ತದೆ. ಮ್ಯಾಪ್‌ಗೆ ಡಿಕ್ಷನರಿ (ಯಾವ ಪಠ್ಯಕ್ಕೆ ಯಾವ ಮೌಲ್ಯ ಎಂಬ ಪಟ್ಟಿ) ಕೊಟ್ಟು ಬದಲಿಸಿ. ಮೆಮೊರಿ ಉಳಿಸಲು ಇಂಟ್8ಗೆ (-128ರಿಂದ 127ರವರೆಗೆ ಮಾತ್ರ ಹಿಡಿಸುವ ಪೂರ್ಣಾಂಕ ಟೈಪ್) ಇಳಿಸುವಾಗಲೂ ಅಷ್ಟೇ: 200 ಯಾವ ಎಚ್ಚರಿಕೆಯೂ ಇಲ್ಲದೆ -56 ಆಗುತ್ತದೆ. ಅದರ ಬದಲು ಟು_ನ್ಯೂಮರಿಕ್‌ನ ಡೌನ್‌ಕಾಸ್ಟ್ ಆಯ್ಕೆ ಬಳಸಿದರೆ, ಅದು ಮೌಲ್ಯ ಹಿಡಿಸುವ ಟೈಪನ್ನೇ ಆರಿಸುತ್ತದೆ.

ಕೊಳಕು ಡೇಟಾಕ್ಕೆ ಟು_ನ್ಯೂಮರಿಕ್‌ನಲ್ಲಿ ಎರರ್ಸ್ ಕೋಯರ್ಸ್ ಬಹಳ ಉಪಯೋಗಿ, ಓದಲಾಗದ್ದೆಲ್ಲ ಎನ್‌ಎಎನ್, ಅಂದರೆ ಖಾಲಿ ಮೌಲ್ಯ, ಆಗುತ್ತದೆ. ಬದಲಿಸುವ ಮೊದಲು ಒಮ್ಮೆ, ನಂತರ ಒಮ್ಮೆ ಈಸ್‌ಎನ್‌ಎ ಸಮ್ ಹಾಕಿ ಖಾಲಿ ಮೌಲ್ಯಗಳನ್ನು ಎಣಿಸಿ. ಸಂಖ್ಯೆ ಏರಿದ್ದರೆ ಆ ಸಾಲುಗಳ ಮೂಲ ಪಠ್ಯವನ್ನು ತೆಗೆದು ನೋಡಿ. ಸಾಮಾನ್ಯವಾಗಿ ಅಲ್ಲಿ ₹ ಚಿಹ್ನೆಯೋ, ನಡುವೆ ಸೇರಿಕೊಂಡ ಒಂದು ಸ್ಪೇಸೋ ಕೂತಿರುತ್ತದೆ.