ನ್ಯೂಯಾರ್ಕ್–ಮ್ಯಾಡ್ರಿಡ್ ವಿಮಾನದಾರಿ: ಭೂಪಟಕ್ಕಿಂತ ನೂಲೇ ವಾಸಿ

ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್ ನಡುವಿನ ವಿಮಾನದಾರಿಯ ದೂರವನ್ನೂ ಹಾರಾಟದ ಸಮಯವನ್ನೂ ನಾನು ಬೇರೆ ಬೇರೆ ಬಗೆಯಲ್ಲಿ ಲೆಕ್ಕ ಹಾಕಿ ನೋಡಿದೆ. ಈ ಜೋಡಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ: ಒಂದು 40.7, ಇನ್ನೊಂದು 40.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಭೂಪಟದಲ್ಲಿ ಇವುಗಳ ನಡುವಿನ ಗೆರೆ ಹೆಚ್ಚುಕಡಿಮೆ ಅಡ್ಡಲಾಗಿ ಕಾಣುತ್ತದೆ, ಮತ್ತು ಕಣ್ಣು ಮೋಸಹೋಗುವುದು ಅಲ್ಲಿಯೇ.

ಮರ್ಕೇಟರ್ ಮಾದರಿಯ ಗೋಡೆಪಟದ ಮೇಲೆ ಅಳತೆಪಟ್ಟಿ ಇಟ್ಟು, ಸಮಭಾಜಕ ವೃತ್ತಕ್ಕೆ ಮಾತ್ರ ಸಲ್ಲುವ ಪ್ರಮಾಣದಿಂದ ಗುಣಿಸಿದಾಗ ಸುಮಾರು 7,800 ಕಿ.ಮೀ. ಬಂತು. ಧ್ರುವಗಳ ಕಡೆಗೆ ಹೋದಂತೆಲ್ಲ ಈ ಭೂಪಟ ನೆಲವನ್ನು ಹಿಗ್ಗಿಸಿ ತೋರಿಸುವುದರಿಂದ ಇದು ನಿಜವಾದ ದೂರಕ್ಕಿಂತ ಎರಡು ಸಾವಿರ ಕಿ.ಮೀ. ಹೆಚ್ಚು; ಈ ಕೆಲಸಕ್ಕೆ ಅದು ಒದಗುವುದಿಲ್ಲ.

ಬಳಿಕ 30 ಸೆಂ.ಮೀ. ವ್ಯಾಸದ ಗ್ಲೋಬ್ ತೆಗೆದುಕೊಂಡು, ನೂಲಿನ ಒಂದು ತುದಿಯನ್ನು ನ್ಯೂಯಾರ್ಕಿನ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿದು, ಇನ್ನೊಂದನ್ನು ಮ್ಯಾಡ್ರಿಡ್‌ನತ್ತ ಬಿಗಿಯಾಗಿ ಎಳೆದೆ. ಅಕ್ಷಾಂಶದ ಗೆರೆಯ ಮೇಲೆಯೇ ಇಟ್ಟಿದ್ದ ನೂಲು ಬಿಗಿಯಾದಂತೆ ತಾನಾಗಿ ಉತ್ತರಕ್ಕೆ ಸರಿದು, ಅಟ್ಲಾಂಟಿಕ್ ಸಾಗರದ ನಡುವೆ 46 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು. ಮಹಾವೃತ್ತದ ದಾರಿ, ಅಂದರೆ ಗೋಳದ ಮೇಲೆ ಎರಡು ಜಾಗಗಳ ನಡುವಿನ ಅತಿ ಚಿಕ್ಕ ದಾರಿ, ಎಂದರೆ ಇದೇ. ನೂಲಿನ ಉದ್ದ 13.5 ಸೆಂ.ಮೀ., ಅಂದರೆ ಸುಮಾರು 5,735 ಕಿ.ಮೀ. ಹಿಗ್ಗುವ ನೂಲಾದರೆ ಲೆಕ್ಕ ತಪ್ಪುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು.

ಭೂಮಿಯ ತ್ರಿಜ್ಯವನ್ನು 6,371 ಕಿ.ಮೀ. ಎಂದಿಟ್ಟುಕೊಂಡು ಗೋಳೀಯ ತ್ರಿಕೋನಮಿತಿಯ ಸೂತ್ರದಿಂದ ಲೆಕ್ಕ ಹಾಕಿದರೆ 5,769 ಕಿ.ಮೀ. ಸಿಗುತ್ತದೆ. ಅಕ್ಷಾಂಶದ ಗೆರೆಯನ್ನೇ ಹಿಡಿದು ಹೋದರೆ ಸುಮಾರು 5,940 ಆಗುತ್ತಿತ್ತು. ಸೂತ್ರ ನಿಖರ, ನಿಜ. ಆದರೆ ದಾರಿ ಏಕೆ ಬಾಗುತ್ತದೆ ಎಂಬುದನ್ನು ಕೈಗೆ ತಿಳಿಸಿದ್ದು ನೂಲು, ಆದ್ದರಿಂದ ನನ್ನ ಒಲವು ಅದರ ಕಡೆಗೆ.

ಸಮಯದ ವಿಷಯದಲ್ಲಿ ಮಾತ್ರ ಈ ಯಾವುದೂ ಕೆಲಸಕ್ಕೆ ಬರಲಿಲ್ಲ. 5,769 ಅನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿದರೆ 7 ಗಂಟೆಯ ಹತ್ತಿರ ಬರುತ್ತದೆ. ಮ್ಯಾಡ್ರಿಡ್‌ಗೆ ಹೋಗುವಾಗ ಇದು ಸರಿಹೊಂದುತ್ತದೆ. ಅಲ್ಲಿಂದ ಮರಳುವಾಗ, ದೂರ ಅಷ್ಟೇ ಇದ್ದರೂ, 8 ಗಂಟೆಗೂ ಹೆಚ್ಚು ಬೇಕು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರು ನಿಲ್ಲುತ್ತದೆ; ಚಳಿಗಾಲದಲ್ಲಿ ಅದರ ಬಿರುಸು ಇನ್ನೂ ಹೆಚ್ಚು. ಹಾಗಾಗಿ ಸಮಯಕ್ಕೆ ನಾನು ನಂಬುವುದು ವೇಳಾಪಟ್ಟಿಯನ್ನು, ಏಕೆಂದರೆ ಅದರಲ್ಲಿ ಈ ಗಾಳಿಯೂ ರನ್‌ವೇವರೆಗಿನ ತೆವಳಾಟವೂ ಸೇರಿರುತ್ತವೆ.

ಆದರೆ ವೇಳಾಪಟ್ಟಿಯಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಎರಡು ನಗರಗಳಿಗೆ ಸಾಮಾನ್ಯವಾಗಿ 6 ಗಂಟೆಯ ಅಂತರ. ಮಾರ್ಚ್‌ನಲ್ಲಿ ಅಮೆರಿಕ ಎರಡನೆಯ ಭಾನುವಾರವೇ ಬೇಸಿಗೆಯ ಹೊತ್ತಿಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಯುರೋಪ್ ಕೊನೆಯ ಭಾನುವಾರದವರೆಗೆ ಕಾಯುವುದರಿಂದ ಆ ಕೆಲವು ದಿನ 5 ಗಂಟೆ ಮಾತ್ರ. ಅಂಥದೇ ಒಂದು ದಿನ 6 ಗಂಟೆ ಕಳೆದು, ವಿಮಾನ ಆರೇ ಗಂಟೆಯಲ್ಲಿ ಮ್ಯಾಡ್ರಿಡ್ ಸೇರುತ್ತದೆಂದು ಬರೆದುಕೊಂಡ ನಾನು, ಅದರ ಶ್ರೇಯಸ್ಸನ್ನು ಪೂರ್ತಿಯಾಗಿ ಗಾಳಿಗೆ ಕೊಟ್ಟಿದ್ದೆ.