ನೋಟು ಅಸಲಿ, ಠಸ್ಸೆ ನಕಲಿ: ಫ್ಯೂಮೆ ಕ್ರೋನ್ ಕೊಳ್ಳುವ ಮುನ್ನ ಓದಿ

ಹಳೆಯ ಯುರೋಪಿನ ನೋಟು ಸಂಗ್ರಹಿಸುವವರೆಲ್ಲ ದಯವಿಟ್ಟು ಗಮನಿಸಿ. ಆಸ್ಟ್ರಿಯಾ-ಹಂಗೇರಿ ಬ್ಯಾಂಕಿನ 1902ರ 1000 ಕ್ರೋನ್ ನೋಟು, ಮೇಲೆ ‘ಚಿತ್ತಾ ದಿ ಫ್ಯೂಮೆ’ (ಇಟಾಲಿಯನ್‌ನಲ್ಲಿ ‘ಫ್ಯೂಮೆ ನಗರ’) ಎಂಬ ಠಸ್ಸೆ. ಆನ್‌ಲೈನ್ ಮಾರಾಟಗಾರನೊಬ್ಬ ಅಪರೂಪದ ನೋಟೆಂದು ಹೇಳಿ ಇದನ್ನು ನನಗೆ ದುಬಾರಿ ಬೆಲೆಗೆ ಮಾರಿದ. ಕೈಗೆ ಬಂದ ಮೇಲೆ ಭೂತಗನ್ನಡಿ ಹಿಡಿದರೆ ಠಸ್ಸೆಯ ಅಕ್ಷರಗಳ ತುಂಬ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು. ಇಂಕ್‌ಜೆಟ್ ಪ್ರಿಂಟರಿನ ಕೆಲಸ! ಹಣ ವಾಪಸ್ ಕೇಳಿದಾಗ “ನೋಟು ಅಸಲಿ ತಾನೇ, ಇನ್ನೇನು ಬೇಕು ಸರ್?” ಎಂದ. ಹಣ ಬರಲೇ ಇಲ್ಲ.

ಮೋಸವಿರುವುದೇ ಆ ಮಾತಿನಲ್ಲಿ. ಈ 1000 ಕ್ರೋನ್ ನೋಟು ಇವತ್ತಿಗೂ ಬೇಕಾದಷ್ಟು ಸಿಗುತ್ತದೆ, ಅಗ್ಗವಾಗಿ. 1918ರಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದಾಗ ಹೊಸ ದೇಶಗಳು ತಮ್ಮ ನೆಲದಲ್ಲಿದ್ದ ನೋಟುಗಳಿಗೆ ಬೇರೆ ಬೇರೆ ಗುರುತು ಹಾಕಿಕೊಂಡವು. ವಿಯೆನ್ನಾದಲ್ಲಿ ‘ಡಾಯ್ಚ್‌ಓಸ್ಟರ್‌ರೈಷ್’ (ಜರ್ಮನ್ ಆಸ್ಟ್ರಿಯಾ) ಎಂದು ಕೆಂಪಕ್ಷರ ಅಚ್ಚಾಯಿತು. ಚೆಕೊಸ್ಲೊವಾಕಿಯಾ 1919ರ ಮಾರ್ಚ್‌ನಲ್ಲಿ ಅಂಚೆಚೀಟಿಯಂಥ ಚೀಟಿ ಅಂಟಿಸಿತು. ಯುಗೊಸ್ಲಾವಿಯಾದವರು ಮೊದಲು ಠಸ್ಸೆ ಹೊಡೆದರು. ಕಳ್ಳ ಠಸ್ಸೆಗಳ ಹಾವಳಿ ಹೆಚ್ಚಾಗಿ ಅವರೂ ಚೀಟಿಗೇ ಬಂದರು. ಅಂದರೆ ಈ ದಂಧೆ ನೂರು ವರ್ಷ ಹಳೆಯದು. ಫ್ಯೂಮೆ, ಈಗ ಕ್ರೊಯೇಷಿಯಾದ ರಿಯೆಕಾ, ಒಂದೇ ಒಂದು ಬಂದರು ನಗರ. ಅದರ ಠಸ್ಸೆಯ ನೋಟಿಗೆ ಕೊಡುವ ಹೆಚ್ಚಿನ ದುಡ್ಡೆಲ್ಲ ಆ ಠಸ್ಸೆಗೆ, ಕಾಗದಕ್ಕಲ್ಲ.

ಹಾಗಾಗಿ ಕಾಗದ, ನಂಬರು ಸರಿಯಿವೆ ಎಂದು ಒಪ್ಪಿಬಿಡಬೇಡಿ. ಠಸ್ಸೆಯ ಹತ್ತಿರದ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಪ್ರಿಂಟರಿನ ಚುಕ್ಕಿ ಸುಲಭವಾಗಿ ಸಿಕ್ಕಿಬೀಳುತ್ತದೆ. ಕಷ್ಟವಿರುವುದು ಈಗಿನ ರಬ್ಬರ್ ಠಸ್ಸೆಯಲ್ಲಿ. ಅದಕ್ಕೆ ಮಡಿಕೆಗಳನ್ನು ನೋಡಿ. ಠಸ್ಸೆ ಬಿದ್ದ ಮೇಲೂ ಕೈಯಿಂದ ಕೈಗೆ ಓಡಾಡಿದ ನೋಟಾದರೆ ಮಡಿಕೆಯ ಗೆರೆಯಲ್ಲಿ ಶಾಯಿಯೂ ಸವೆದಿರಬೇಕು. ನೋಟು ಜೀರ್ಣವಾಗಿದ್ದು ಠಸ್ಸೆ ಮಾತ್ರ ಹೊಚ್ಚಹೊಸದಾಗಿದ್ದರೆ, ಬಿರುಕುಬಿಟ್ಟ ಮಡಿಕೆಯೊಳಕ್ಕೆ ಶಾಯಿ ಇಳಿದು ಅಲ್ಲೇ ಗಾಢವಾಗಿದ್ದರೆ, ಅನುಮಾನಪಡಿ. ಅಸಲಿ ಠಸ್ಸೆ ಬೀಳುವ ಮೊದಲೇ ಮಡಿಸಿದ ನೋಟುಗಳೂ ಇದ್ದವು, ಆದ್ದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಬೇಡಿ.

ಠಸ್ಸೆಯಲ್ಲದೆ ಅಚ್ಚೊತ್ತಿದ ಅಕ್ಷರಗಳಿಗೂ ಕಣ್ಣು ಪಳಗಬೇಕಾದರೆ ಜರ್ಮನಿಯ 1922ರ 1000 ಮಾರ್ಕ್ ನೋಟೊಂದನ್ನು ಕೊಳ್ಳಿ. 1923ರ ಹಣದುಬ್ಬರದಲ್ಲಿ ಅದರ ಮೇಲೆ ಕೆಂಪಕ್ಷರದಲ್ಲಿ ‘ಐನೆ ಮಿಲಿಯಾರ್ಡೆ ಮಾರ್ಕ್’, ಅಂದರೆ 100 ಕೋಟಿ ಮಾರ್ಕ್, ಎಂದು ಅಚ್ಚೊತ್ತಿದ್ದಾರೆ. ಬೆಲೆ ಕಡಿಮೆ. ಅಚ್ಚುಮೊಳೆಯ ಒತ್ತಡಕ್ಕೆ ಶಾಯಿ ಅಕ್ಷರದ ಅಂಚಿಗೆ ಸರಿದು ನಿಂತಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮುಂದಿನ ‘ಡಾಯ್ಚ್‌ಓಸ್ಟರ್‌ರೈಷ್’ ನೋಟನ್ನು ಪರೀಕ್ಷಿಸಿ.