ಜುಲೈ 4: ಹಿತ್ತಲೋ, ಪಾರ್ಕೋ, ಪಟಾಕಿ ಮೈದಾನವೋ?

ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ ನಾಲ್ಕು ಮನೆಯವರು ಎಲ್ಲಿ ಸೇರೋದು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ, ಊರಿನ ಪಟಾಕಿ ಪ್ರದರ್ಶನ ಸಾಮಾನ್ಯವಾಗಿ ಪುಕ್ಕಟೆ. ಪಾರ್ಕಿನ ಶೆಲ್ಟರ್ (ಮೇಲೆ ಸೂರಿರೋ, ಕೂತು ಉಣ್ಣೋ ಜಾಗ) ಬೇಕಿದ್ದರೆ ಮೊದಲೇ ಬುಕ್ ಮಾಡಿ. ಹಿತ್ತಲಾದರೆ ಖರ್ಚೆಲ್ಲ ಕರೆದವರ ತಲೆಗೇ. ಪಾಟ್‌ಲಕ್, ಅಂದರೆ ಮನೆಗೊಂದು ಅಡುಗೆ ತನ್ನಿ ಅಂದುಬಿಡಿ, ಸಂಕೋಚ ಬೇಡ.

ಊಟಕ್ಕೆ ಮಾತ್ರ ಹಿತ್ತಲೇ ವಾಸಿ. ಜೋಳದ ತೆನೆ ಕೆಂಡದ ಮೇಲೆ ಚಟಚಟ ಅನ್ನುವಾಗಲೇ ನಿಂಬೆಹೋಳನ್ನು ಉಪ್ಪು, ಖಾರದ ಪುಡಿಯಲ್ಲಿ ಅದ್ದಿ ಉಜ್ಜಬೇಕು. ಪಾರ್ಕಿನ ಗ್ರಿಲ್ ಮೇಲೆ ನಿನ್ನೆ ಯಾರು ಏನು ಸುಟ್ಟಿದ್ದರೋ! ಸಸ್ಯಾಹಾರಿಗಳಿದ್ದರೆ ಅದರ ಮೇಲೆ ಹಾಸೋಕೆ ಫಾಯಿಲ್ ಒಯ್ಯಿರಿ. ಆದರೆ ಕ್ರಿಕೆಟ್ ಆಡೋ ಮಕ್ಕಳು ಜಾಸ್ತಿ ಇದ್ದರೆ ಪಾರ್ಕೇ ಸರಿ.

ಊರಿಂದ ಅಪ್ಪ-ಅಮ್ಮ ಬಂದಿದ್ದರೆ? ಕೂರೋಕೆ ಕುರ್ಚಿ, ಹತ್ತಿರದಲ್ಲೇ ಬಾತ್‌ರೂಮ್ ಬೇಕಲ್ವಾ, ಮನೆಯೇ ಅನುಕೂಲ. ಪಟಾಕಿ ಮೈದಾನಕ್ಕೆ ಹೋದರೆ, ಕತ್ತಲಾಗೋದೇ ತಡವಾಗಿ, ಪಟಾಕಿ ಶುರುವಾಗೋದು ರಾತ್ರಿ ಸುಮಾರು 9ರ ಮೇಲೆ. ಆಮೇಲೆ ಟ್ರಾಫಿಕ್. ಪುಟ್ಟ ಮಕ್ಕಳು ಅಷ್ಟರಲ್ಲಿ ನಿದ್ದೆಗಣ್ಣಲ್ಲಿ ಅಳುತ್ತವೆ. ಹೊಸದಾಗಿ ಬಂದವರು, ಗಟ್ಟಿ ಕಾಲಿನವರು ಪಟಾಕಿ ನೋಡೋಕೆ ರಾಜಧಾನಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ಗೆ (ಅಂಗಡಿಗಳ ಮಾಲ್ ಅಲ್ಲ, ದೊಡ್ಡ ಬಯಲು) ಒಮ್ಮೆ ಹೋಗಲಿ.

ಹಿತ್ತಲಲ್ಲೇ ಪಟಾಕಿ ಹೊಡೆಯೋ ಆಸೆಯಿದ್ದರೆ ರಾಜ್ಯದ ಕಾನೂನು ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ ಸುರುಸುರುಬತ್ತಿಗೂ ಅವಕಾಶವಿಲ್ಲ.